ಅಜ್ಜಂಪುರ ಸೀಮೆಯ ಎಲ್ಲೆಕಲ್ಲು, ಸರಪಳಿ ಮತ್ತು ಮೊಬೈಲು

ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಯಲ್ಲಿ ಅಜ್ಜಂಪುರ, ಬೀರೂರು ಮತ್ತು ಕಡೂರುಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬರುತ್ತವೆ. ಆ ಗೆರೆ ಪೂರ್ವ ರೇಖಾಂಶ 76 ಡಿಗ್ರಿ. ಅದನ್ನೇ ಹಿಡಿದು ಅಜ್ಜಂಪುರದಿಂದ ನೇರ ಬಡಗಲಿಗೆ ಸುಮಾರು 30 ಕಿಲೋಮೀಟರ್ ಹೋದರೆ, ಚನ್ನಗಿರಿಗೂ ಹೊಳಲ್ಕೆರೆಗೂ ನಡುವೆ, 14 ಡಿಗ್ರಿ ಉತ್ತರ ಅಕ್ಷಾಂಶವು ಅದನ್ನು ಅಡ್ಡ ಹಾಯುವ ಬಿಂದು ಸಿಗುತ್ತದೆ. ತೆಂಕಲಿಗೆ ಹೋದರೆ ಹಾಸನ ಜಿಲ್ಲೆಯ ಆಲೂರಿನ ಸಮೀಪ 13 ಡಿಗ್ರಿಯ ಬಿಂದು ಸಿಗುತ್ತದೆ. ಈ ಬಿಂದುಗಳಿಗೆ ಲೆಕ್ಕದಲ್ಲಲ್ಲದೆ ಬೇರೆಲ್ಲೂ ಅಸ್ತಿತ್ವವಿಲ್ಲ. ಆದರೂ ಇಂಥ ಕೂಡುಬಿಂದುಗಳಿಗೆ ಹೋಗಿ ನಾಲ್ಕು ದಿಕ್ಕಿನ ಚಿತ್ರ ತೆಗೆದು ದಾಖಲಿಸುವ ಹವ್ಯಾಸವೊಂದು 1996ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದಾದ ನಾಲ್ಕು ವರ್ಷಕ್ಕೆ ಅದರ ಹತ್ತಿರದ ನೆಂಟನಾದ ಜಿಯೋಕ್ಯಾಚಿಂಗ್ ಹುಟ್ಟಿತು.

ಜಿಯೋಕ್ಯಾಚಿಂಗ್ ಎಂದರೆ, ಒಬ್ಬರು ಸಣ್ಣ ಡಬ್ಬಿಯೊಂದನ್ನು ಮರದ ಪೊಟರೆಯಲ್ಲೋ ಕಲ್ಲಿನ ಸಂದಿಯಲ್ಲೋ ಅಡಗಿಸಿಟ್ಟು ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುವುದು, ಉಳಿದವರು ಆ ಅಂಕಿಗಳನ್ನು ಹಿಡಿದು ಹುಡುಕಿ, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲೇ ಇಟ್ಟು ಬರುವುದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಿಂದಲೇ ಹೀಗೆ ಡಬ್ಬಿ ಹುಡುಕುವ ರೂಢಿ ಇತ್ತಾದರೂ ಅಲ್ಲಿ ದಾರಿ ತೋರುತ್ತಿದ್ದದ್ದು ಸುಳಿವಿನ ಮಾತುಗಳೇ ಹೊರತು ಅಂಕಿಗಳಲ್ಲ. ಅಂಕಿಯ ಆಟಕ್ಕೆ ದಾರಿಯಾದದ್ದು ಒಂದು ಸರ್ಕಾರಿ ಆದೇಶ. ಅಮೆರಿಕದ ಸೇನೆ ಕಟ್ಟಿದ ಜಿಪಿಎಸ್ ವ್ಯವಸ್ಥೆಯ ಸಂಕೇತಗಳಲ್ಲಿ ನಾಗರಿಕ ಬಳಕೆದಾರರಿಗೆಂದು ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಹಾಗಾಗಿ ಉಪಕರಣ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬೀಳಬಹುದಿತ್ತು. 2000ದ ಮೇ ಮೊದಲ ದಿನಗಳಲ್ಲಿ ಆ ಬೆರಕೆಯನ್ನು ನಿಲ್ಲಿಸಿದ ಕೂಡಲೇ, ಮೇ 3ರಂದು, ಆರೆಗನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಕಾಡಿನಲ್ಲೊಂದು ಬಕೆಟ್ಟನ್ನು ಅಡಗಿಸಿಟ್ಟು ಅದರ ಅಂಕಿಗಳನ್ನು ಲೋಕಕ್ಕೆ ತಿಳಿಸಿದ.

ಆಟ ಹೊಸದಾದರೂ ಅದರ ಹಿಂದಿನ ಕೆಲಸ, ಎಂದರೆ ಒಂದು ಜಾಗವನ್ನು ಅಲ್ಲಿಗೆ ಎಂದೂ ಹೋಗದವನಿಗೆ ಬರಹದಲ್ಲಿ ಒಪ್ಪಿಸುವ ಕೆಲಸ, ಅಜ್ಜಂಪುರ ಸೀಮೆಗೆ ಹೊಸದಲ್ಲ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿಯಿದೆ. ಅಲ್ಲಿನ ಶಾಸನ ಕವಿ ಜನ್ನನದೆಂಬುದು ಸಾಹಿತ್ಯ ಚರಿತ್ರೆಯಲ್ಲಿ ನಡೆದುಬಂದ ಮಾತು. ಆ ಕಾಲದ ದತ್ತಿಶಾಸನಗಳಲ್ಲಿ ಪ್ರಶಸ್ತಿಯ ಪದ್ಯಗಳು ಮುಗಿದ ಮೇಲೆ ಬರುವ, ಸಾಹಿತ್ಯದ ಓದುಗರು ಸಾಮಾನ್ಯವಾಗಿ ದಾಟಿಬಿಡುವ ಒಂದು ಭಾಗವುಂಟು: ದತ್ತಿ ಬಿಟ್ಟ ಭೂಮಿಯ ಎಲ್ಲೆಯ ವಿವರ. ಮೂಡಲಿಂದ ತೊಡಗಿ ತೆಂಕಲು, ಪಡುವಲು, ಬಡಗಲು ಎಂದು ಬಲಕ್ಕೆ ಸುತ್ತುತ್ತ, ಇಲ್ಲಿ ಹಳ್ಳ, ಅಲ್ಲಿ ಹುತ್ತ, ಮುಂದೆ ಆಲದ ಮರ, ಮೂಲೆಗೊಂದು ನಟ್ಟ ಕಲ್ಲು ಎಂದು ಹೇಳಿ, ಹೊರಟ ಜಾಗಕ್ಕೇ ತಂದು ನಿಲ್ಲಿಸುವುದು ಅದರ ಕ್ರಮ. ನಟ್ಟ ಕಲ್ಲೆಂದರೆ ಎಲ್ಲೆಗಾಗಿಯೇ ನೆಟ್ಟದ್ದು. ಶಿವಾಲಯದ ದತ್ತಿಯಾದರೆ ಅದರ ಮೇಲೆ ಲಿಂಗಮುದ್ರೆ, ವಿಷ್ಣುವಿನ ಗುಡಿಯದಾದರೆ ವಾಮನಮುದ್ರೆ ಅಥವಾ ಚಕ್ರ ಇರುತ್ತಿತ್ತು. ಹುತ್ತ ಕರಗುತ್ತದೆ, ಮರ ಬೀಳುತ್ತದೆ ಎಂಬುದು ಬರೆಸಿದವರಿಗೆ ತಿಳಿಯದ್ದಲ್ಲ. ಆದ್ದರಿಂದಲೇ ಒಂದು ಗುರುತಿಗೆ ಇನ್ನೊಂದು ಗುರುತು ಸಾಕ್ಷಿ ಹೇಳುವಂತೆ ಅವನ್ನು ಸಾಲಾಗಿ ಹೆಣೆದರು. ಇಂದಿನ ಕ್ರಯಪತ್ರಗಳಲ್ಲಿ ಸರ್ವೆ ನಂಬರಿನ ಕೆಳಗೆ ಬರೆಯುವ ಚೆಕ್ಕುಬಂದಿ, ಎಂದರೆ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಎಂಬ ನಾಲ್ಕು ದಿಕ್ಕಿನ ವಿವರ, ಈ ಕ್ರಮದ್ದೇ ಉಳಿಕೆ. ನಂಬರಿದ್ದೂ ಚೆಕ್ಕುಬಂದಿಯನ್ನು ಯಾರೂ ಕೈಬಿಟ್ಟಿಲ್ಲ.

ಅಡಗಿಸಿಟ್ಟ ವಸ್ತುವಿನ ಮಾತೂ ಶಾಸನಗಳಲ್ಲಿದೆ. ದತ್ತಿ ಪಡೆದವನಿಗೆ ಭೂಮಿಯ ಮೇಲೆ ಸಲ್ಲುವ ಎಂಟು ಬಗೆಯ ಹಕ್ಕುಗಳನ್ನು ಅಷ್ಟಭೋಗವೆಂದು ಕರೆದು, ಅದರಲ್ಲಿ ಮೊದಲಿಗೇ ನಿಧಿ ಮತ್ತು ನಿಕ್ಷೇಪಗಳನ್ನು ಎಣಿಸುತ್ತಿದ್ದರು. ವಿಜಯನಗರ ಕಾಲದ ದಾನಪತ್ರಗಳಲ್ಲಿ ಈ ಸೂತ್ರ ಹೇರಳವಾಗಿ ಸಿಗುತ್ತದೆ. ಹೂತಿಟ್ಟದ್ದು ಯಾರದೆಂಬ ಪ್ರಶ್ನೆ ಆಮೇಲೂ ಕಾನೂನಿನ ಬೆನ್ನು ಬಿಡಲಿಲ್ಲವೆಂಬುದಕ್ಕೆ 1878ರ ಭಾರತೀಯ ನಿಧಿ ಕಾಯಿದೆ, 1962ರ ಕರ್ನಾಟಕದ ಕಾಯಿದೆಗಳು ಸಾಕ್ಷಿ. ನಿಧಿಯಾಸೆಗೆ ಹಾಳು ಗುಡಿಗಳ ಪಾಣಿಪೀಠ ಕಿತ್ತುಹಾಕುವ ಕೃತ್ಯಗಳಿಂದ ಬೇಸತ್ತ ನಾಡಿನಲ್ಲಿ, ಕಲ್ಲಿನ ಸಂದಿಯಲ್ಲಿ ಕೈಯಾಡಿಸುವ ಅಪರಿಚಿತನನ್ನು ಊರವರು ತಡೆದು ವಿಚಾರಿಸಿದರೆ ಅದರಲ್ಲಿ ಅಸಹಜವೇನಿಲ್ಲ. ಜಿಯೋಕ್ಯಾಚಿಂಗ್‌ನ ನಿಯಮಗಳು ಡಬ್ಬಿಯನ್ನು ನೆಲ ಅಗೆದು ಹೂಳಕೂಡದೆಂದೂ ಜಾಗದ ಒಡೆಯರ ಒಪ್ಪಿಗೆ ಬೇಕೆಂದೂ ವಿಧಿಸಿರುವುದು ಇಲ್ಲಿ ಬೇರೆಲ್ಲಿಗಿಂತ ಹೆಚ್ಚು ಅರ್ಥವುಳ್ಳ ಮಾತು.

ಒಡೆಯರಾರೆಂಬುದಕ್ಕೆ ಅಜ್ಜಂಪುರದ ಸುತ್ತ ಒಂದು ವಿಶೇಷವಾದ ಉತ್ತರವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎಂದು ಹೆಸರು ಪಡೆಯಿತು. ಸೇನೆಯ ಫಿರಂಗಿ ಮತ್ತು ಸರಂಜಾಮು ಎಳೆಯುವ ಎತ್ತುಗಳನ್ನು ಸಾಕಲು ರಾಜ್ಯದುದ್ದಕ್ಕೂ ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಅವನ್ನು ವಿಂಗಡಿಸಿ, ಹಿಂಡುಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಅಟ್ಟಿಕೊಂಡು ಹೋಗುತ್ತಿದ್ದರು. ಅಜ್ಜಂಪುರದಲ್ಲಿ ಇಂದಿಗೂ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗ ಮತ್ತು ತೋಳಗಳ ಸಲುವಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಬೇಲಿಯಿಲ್ಲದ ಇಂಥ ಬಯಲಿನಲ್ಲಿ ಉಳುಮೆ ಎಲ್ಲಿಗೆ ನಿಲ್ಲಬೇಕು, ಕಾವಲು ಎಲ್ಲಿಂದ ತೊಡಗಬೇಕು ಎಂಬುದು ಹಳೆಯ ತಕರಾರು. ಒಂದೊಂದು ಸಾಲಾಗಿ ನೇಗಿಲು ಒಳಗೆ ಸರಿಯುತ್ತ ಬಂದರೆ ಸಾಕ್ಷಿ ಹೇಳಲು ಅಲ್ಲಿ ಮರವೂ ಇರುವುದಿಲ್ಲ.

ಸಾಕ್ಷಿಯ ಜಾಗಕ್ಕೆ ಅಳತೆ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಅಡಿರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಮೋಜಣಿಗೆ ತೊಡಗಿದ. ಒಂದು ಗೆರೆಯನ್ನು ಸರಪಳಿಯಿಂದ ಬಹು ಎಚ್ಚರಿಕೆಯಲ್ಲಿ ಅಳೆದು, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನ ಹಿಡಿದು, ಮಿಕ್ಕ ದೂರಗಳನ್ನೆಲ್ಲ ಲೆಕ್ಕದಿಂದ ಪಡೆಯುವುದೇ ತ್ರಿಕೋನಮಿತಿ ಮೋಜಣಿ. ಊರು ಹಳ್ಳದ ಪಡುವಲಿಗಿದೆ ಎನ್ನುವ ಬದಲು ಇಷ್ಟು ಡಿಗ್ರಿಯಲ್ಲಿದೆ ಎನ್ನುವುದು ಇಲ್ಲಿಂದ ಮೊದಲಾಯಿತು.

ರೈತನಿಗೆ ತಟ್ಟಿದ ಮೋಜಣಿ ಮಾತ್ರ ಬೇರೆ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, 1863ರಲ್ಲಿ, ಮುಂಬಯಿ ಪದ್ಧತಿಯ ಕಂದಾಯ ಮೋಜಣಿ ಆಗಿನ ಚಿತ್ರದುರ್ಗ ಜಿಲ್ಲೆಯ ಹರಿಹರದ ಕಡೆಯಿಂದ ಶುರುವಾಗಿ ಕ್ರಮೇಣ ಕಡೂರು ಜಿಲ್ಲೆಗೂ, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಗೂ, ಬಂತು. ಅದರ ಸರಪಳಿ 33 ಅಡಿ ಉದ್ದದ್ದು. ಅದರಲ್ಲಿ 16 ಆಣೆಗಳು. ಸರಪಳಿಯಷ್ಟು ಉದ್ದ, ಸರಪಳಿಯಷ್ಟು ಅಗಲದ ನೆಲ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಳೆದದ್ದು ಟಿಪ್ಪಣಿ ಪುಸ್ತಕಕ್ಕೆ ಏರಿತು, ಮೂಲೆಮೂಲೆಗೆ ಬಾಂದುಕಲ್ಲು ಬಿತ್ತು, ಹೊಲಕ್ಕೊಂದು ಸರ್ವೆ ನಂಬರು ಬಂತು. ಸರಪಳಿಯ ಕೊಂಡಿ ಸವೆದು ಉದ್ದವಾದರೆ, ಮೋಜಣಿದಾರ ದಿಬ್ಬದ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಣೆಗಳಲ್ಲಿ ವ್ಯತ್ಯಾಸ ಬೀಳುವುದು ಖಚಿತ. ಹದ್ದುಬಸ್ತಿಗೆ, ಎಂದರೆ ಎಲ್ಲೆ ಗುರುತಿಸಿಕೊಡುವುದಕ್ಕೆ, ಬಂದ ಸರ್ವೇಯರ್ ಹಳೆಯ ಟಿಪ್ಪಣಿಯನ್ನೇ ಹಿಡಿದು ಮೊದಲು ಹುಡುಕುವುದು ಹೂತುಹೋದ ಬಾಂದುಕಲ್ಲನ್ನು. ಅದೊಂದು ಸಿಕ್ಕರೆ ಮಿಕ್ಕ ಅಳತೆ ತಾನಾಗಿ ಕೂಡಿಬರುತ್ತದೆ.

ಹಳೆಯ ಅಂಕಿಗಳ ಬಗ್ಗೆ ಇನ್ನೊಂದು ತೊಡಕನ್ನು ಹೇಳಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಿಂದಿನ ಭೂಪಟಗಳು ಭೂಮಿಯ ಆಕಾರಕ್ಕೆ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕವನ್ನು ಆಧರಿಸಿದವು. ಜಿಪಿಎಸ್ ಆಧರಿಸಿರುವುದು ಉಪಗ್ರಹ ಯುಗದಲ್ಲಿ ಜಗತ್ತಿಗೆಲ್ಲ ಒಂದೇ ಆಗಿ ಗೊತ್ತುಮಾಡಿದ ಬೇರೊಂದು ಲೆಕ್ಕವನ್ನು. ಆದಕಾರಣ ಹಳೆಯ ಹಾಳೆಯಿಂದ ಓದಿಕೊಂಡ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಮೊಬೈಲಿಗೆ ಕೊಟ್ಟರೆ ಅದು ಅಜ್ಜಂಪುರ ಸೀಮೆಯಲ್ಲಿ ನೂರು ಮೀಟರಿಗೂ ಹೆಚ್ಚು ಆಚೆಗೆ ಕರೆದೊಯ್ಯುತ್ತದೆ. ಎರಡೂ ಅಂಕಿಗಳು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ವಿವರವಾದ ಭೂಪಟಗಳು ಸಾರ್ವಜನಿಕರ ಕೈಗೆ ಸುಲಭವಾಗಿ ಸಿಗುತ್ತಿರಲೂ ಇಲ್ಲ. 2005ರ ನೀತಿ ಸೇನೆಗೊಂದು, ಜನರಿಗೊಂದು ಎಂದು ಎರಡು ಸರಣಿ ಮಾಡಿತು, 2021ರ ಫೆಬ್ರುವರಿಯ ಮಾರ್ಗಸೂಚಿಗಳು ಭೂಪಟ ತಯಾರಿಕೆಯ ಮೇಲಿನ ಪರವಾನಗಿಯ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಿದವು.

ಮೊಬೈಲು ಜಾಗ ತಿಳಿಯುವ ಬಗೆ ಲ್ಯಾಂಬ್ಟನ್ನನ ಕ್ರಮಕ್ಕೆ ತಿರುಗುಮುರುಗು: ಅವನು ಕೋನ ಹಿಡಿದು ದೂರ ತಿಳಿದ, ಇದು ದೂರ ಹಿಡಿದು ಜಾಗ ತಿಳಿಯುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ಸಮಯವನ್ನು ಬಿತ್ತರಿಸುತ್ತಿರುತ್ತವೆ. ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ಮೂರು ಅಳತೆಗಳು ಜಾಗಕ್ಕೆ, ನಾಲ್ಕನೆಯದು ಮೊಬೈಲಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುವುದಕ್ಕೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ತಪ್ಪಿಗೆ ದೂರದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಈ ಸಂಕೇತಕ್ಕೆ ಮೊಬೈಲು ಕಂಪನಿಯ ಗೋಪುರದ ಹಂಗಿಲ್ಲ. ಭೂಪಟವನ್ನು ಮೊದಲೇ ಇಳಿಸಿಕೊಂಡಿದ್ದರೆ ಗೋಪುರವಿಲ್ಲದ ಕಾವಲಿನ ನಡುವೆಯೂ ಜಾಗ ತಿಳಿಯುತ್ತದೆ, ಮೊದಲ ಸಲ ಉಪಗ್ರಹಗಳನ್ನು ಹಿಡಿಯಲು ಒಂದಿಷ್ಟು ಹೊತ್ತು ಹೆಚ್ಚಾಗಬಹುದು. 2008ರ ಸುಮಾರಿಗೆ ಈ ಸಂಕೇತವನ್ನು ಹಿಡಿಯುವ ಗ್ರಾಹಕ (ರಿಸೀವರ್) ಸಾಮಾನ್ಯ ಸ್ಮಾರ್ಟ್‌ಫೋನುಗಳಿಗೆ ಬಂದ ಮೇಲೆ, ಅದಕ್ಕೆಂದೇ ದುಬಾರಿ ಉಪಕರಣ ಕೊಳ್ಳುವ ಅಗತ್ಯ ಹೆಚ್ಚಿನವರಿಗೆ ಉಳಿಯಲಿಲ್ಲ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಸಂಚರಣಾ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ, ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ.

ಜಿಯೋಕ್ಯಾಚಿಂಗ್‌ನಲ್ಲಿ ಅಂಕಿಗಳನ್ನು ಡಿಗ್ರಿ, ಮಿನಿಟು ಮತ್ತು ಮಿನಿಟಿನ ಸಾವಿರದಲ್ಲೊಂದು ಪಾಲಿನವರೆಗೆ ಬರೆಯುವುದು ರೂಢಿ; ಆ ಕೊನೆಯ ಅಂಕಿಯ ಒಂದು ಹೆಚ್ಚುಕಡಿಮೆ ನೆಲದ ಮೇಲೆ ಎರಡು ಮೀಟರಿಗೂ ಕಡಿಮೆ. ಆದರೆ ತೆರೆದ ಆಕಾಶದ ಕೆಳಗೂ ಮೊಬೈಲಿನ ಜಿಪಿಎಸ್‌ಗೆ ಸಾಮಾನ್ಯವಾಗಿ ಐದು ಮೀಟರಿನಷ್ಟು ತಪ್ಪುವ ಸ್ವಭಾವವಿದೆ. ಐದು ಮೀಟರ್ ತ್ರಿಜ್ಯದ ವೃತ್ತವೆಂದರೆ ಮುಕ್ಕಾಲು ಗುಂಟೆಗೂ ಮಿಕ್ಕಿದ ನೆಲ. ಕೆಮ್ಮಣ್ಣುಗುಂಡಿಯ ಕಡೆಯ ಮರಗಳ ದಟ್ಟಣೆಯಲ್ಲಿ, ಬಂಡೆಯ ಮಗ್ಗುಲಲ್ಲಿ ಅದು ಇನ್ನೂ ಹಿಗ್ಗುತ್ತದೆ. ಆದ್ದರಿಂದ ಬಲ್ಲವರು ಕೊನೆಯ ಹತ್ತು ಹೆಜ್ಜೆಗೆ ಬಂದಾಗ ಪರದೆಯ ಬಾಣವನ್ನು ಬೆನ್ನಟ್ಟದೆ, ಮೊಬೈಲನ್ನು ಜೇಬಿಗಿಟ್ಟು, ಡಬ್ಬಿ ಇಟ್ಟವರು ಬರೆದ ಸುಳಿವನ್ನು ಓದಿಕೊಳ್ಳುತ್ತಾರೆ: ಸೀಳುಬಂಡೆಯ ಬಡಗಲು, ಬೇರಿನ ಕೆಳಗೆ ಎಂಬಂಥ ಮಾತು. ಎಂಟುನೂರು ವರ್ಷದ ಹಿಂದಿನ ಶಾಸನಕಾರನಿಗೆ ಈ ಮಾತು ಹೊಸದೆನ್ನಿಸುತ್ತಿರಲಿಲ್ಲ. ರಾಜ್ಯದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದಾದರೂ ಬಾಂದುಕಲ್ಲಿನ ತಗಾದೆ ತೀರಿಸಲು ಅದು ಸಾಲದೆ ಇರುವುದಕ್ಕೆ ಕಾರಣವೂ ಇದೇ ಮುಕ್ಕಾಲು ಗುಂಟೆ.

ಕನ್ನಡ ನಾಡಿನಲ್ಲಿ ಈ ಹುಡುಕಾಟದ ನಿಜವಾದ ಫಲ ಡಬ್ಬಿಗಳಲ್ಲಿಲ್ಲ, ಕಲ್ಲುಗಳಲ್ಲಿದೆ ಎನ್ನಬೇಕು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ, 1901ರಲ್ಲಿ, ಕಡೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಪ್ರಕಟಿಸಿದಾಗ, ಪ್ರತಿಯೊಂದರ ವಿಳಾಸವಾಗಿ ಬರೆದದ್ದು ಹೋಬಳಿ, ಊರು ಮತ್ತು ಗುಡಿಯ ಮುಂದೆ, ಏರಿಯ ಮೇಲೆ, ಹೊಲದಲ್ಲಿ ಎಂಬಂಥ ಒಂದು ಮಾತನ್ನು. ಶತಮಾನ ಕಳೆದ ಮೇಲೆ ಗುಡಿ ಜೀರ್ಣೋದ್ಧಾರವಾಗಿದೆ, ರಸ್ತೆ ಅಗಲವಾಗಿದೆ, ಹೊಲ ಬಡಾವಣೆಯಾಗಿದೆ. ಬೆಂಗಳೂರಿನಲ್ಲಿ 2017ರ ಸುಮಾರಿಗೆ ಆಸಕ್ತರು ಇಂಥ ವಿಳಾಸಗಳನ್ನು ಹಿಡಿದು ಶಾಸನಗಳನ್ನು ಹುಡುಕಿ ಅವುಗಳ ಅಕ್ಷಾಂಶ ರೇಖಾಂಶಗಳನ್ನು ಭೂಪಟಕ್ಕೆ ಏರಿಸತೊಡಗಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದ ಅವುಗಳ ಮೂರು ಆಯಾಮದ ಅಂಕೀಕರಣವನ್ನು ನಡೆಸುತ್ತಿದೆ. ಆರನೆಯ ಸಂಪುಟದ ಊರುಗಳಿಗೂ ಇದೇ ಕ್ರಮ ಒಗ್ಗುತ್ತದೆ. ಅದಕ್ಕೆ ಬೇಕಾದ್ದು ಸಂಪುಟದ ಪ್ರತಿ, ಒಂದು ಮೊಬೈಲು ಮತ್ತು ಊರಿನ ಹಿರಿಯರ ನೆನಪು. ಆದರೆ ಒಂದು ಎಚ್ಚರ ಅಗತ್ಯ: ಎಲ್ಲೆಕಲ್ಲು ಹೊಲದಿಂದ ಗುಡಿಯ ಅಂಗಳಕ್ಕೆ ಬಂದಿದ್ದರೆ ಜಿಪಿಎಸ್ ತೋರಿಸುವುದು ಕಲ್ಲು ಈಗ ಇರುವ ಜಾಗವನ್ನೇ ಹೊರತು ಅದು ಗುರುತಿಸುತ್ತಿದ್ದ ಎಲ್ಲೆಯನ್ನಲ್ಲ. ಆದ್ದರಿಂದ ಇಂದಿನ ಅಂಕಿಯ ಪಕ್ಕದಲ್ಲಿ ರೈಸ್ ಕೊಟ್ಟ ವಿಳಾಸವನ್ನೂ, ಕಲ್ಲನ್ನು ಸರಿಸಿದವರು ಹೇಳುವ ಹಿಂದಿನ ಜಾಗವನ್ನೂ ಬೇರೆಬೇರೆಯಾಗಿ ಬರೆದಿಡುವುದು ಕ್ಷೇತ್ರಕಾರ್ಯದ ಮೊದಲ ನಿಯಮವಾಗಬೇಕು.