ಪಂಕ್ತಿ ಸೇವೆಯಿಂದ ಅಮೃತಭೂಮಿಯವರೆಗೆ

ಚಿಕ್ಕಲ್ಲೂರು ಜಾತ್ರೆಯ ಪಂಕ್ತಿ ಸೇವೆಯ ದಿನ ಬಯಲ ತುಂಬ ಬಿಡಾರಗಳು. ಮೂರು ಕಲ್ಲಿನ ಒಲೆ, ಕಣ್ಣುರಿಸುವ ಹೊಗೆ, ಸಾರಿನ ಘಮಲು. ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕೆಂಬುದು ಸಿದ್ದಪ್ಪಾಜಿ ಪರಂಪರೆಯ ಕಟ್ಟಳೆ. ಚಾಮರಾಜನಗರ ಸೀಮೆಯ ಸಾಮಾಜಿಕ ಚಿಂತನೆಯ ಚರಿತ್ರೆ ಬರೆಯುವವರು ಗ್ರಂಥಾಲಯಕ್ಕೆ ಹೋಗುವ ಮುಂಚೆ ಇಲ್ಲಿಗೊಮ್ಮೆ ಬರಬೇಕು. ಕಲ್ಯಾಣಕ್ಕೇ ಹೋಗಿ ಶರಣರನ್ನು ಪರೀಕ್ಷೆಗೊಡ್ಡಿದ ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಕಥೆಯನ್ನು ಈ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ಇಂದಿಗೂ ಹಾಡುತ್ತಾರೆ. ಎಂಥ ದೊಡ್ಡವರನ್ನೂ ಪ್ರಶ್ನಿಸಬಹುದೆಂಬ ಎದೆಗಾರಿಕೆ ಈ ನೆಲಕ್ಕೆ ಬಂದದ್ದು ಆ ಹಾಡಿನಿಂದಲೇ ಎಂದು ನನ್ನ ಅನಿಸಿಕೆ.

ಆ ಎದೆಗಾರಿಕೆಗೆ ಹಸಿರು ಶಾಲು ಹೊದಿಸಿದ್ದು ರೈತಸಂಘ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷ ಸಂಘ ಹುಟ್ಟಿತು. ರುದ್ರಪ್ಪ, ಸುಂದರೇಶ್ ಮುಂತಾದ ಮುಂದಾಳುಗಳ ಜೊತೆ ನಿಂತವರು ಕಾನೂನಿನ ಮೇಷ್ಟ್ರು ಎಂ.ಡಿ. ನಂಜುಂಡಸ್ವಾಮಿ (1936–2004). ಲೋಹಿಯಾ ಅವರ ಸಮಾಜವಾದ, ಗಾಂಧಿಯ ಸತ್ಯಾಗ್ರಹ ಎರಡನ್ನೂ ಅವರು ಹೊಲದ ಬದುವಿಗೆ ತಂದರು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಬಾರದೆಂದು ಹಳ್ಳಿಯ ಬಾಗಿಲಲ್ಲಿ ಬೋರ್ಡು ನೆಟ್ಟರು. ಸಾಲಕ್ಕೆ ಜಪ್ತಿಯಾದ ಸಾಮಾನನ್ನು ಊರವರೇ ಹೋಗಿ ವಾಪಸ್ ತರುವ ‘ಮರುಜಪ್ತಿ’ ಶುರುವಾಯಿತು. ಪುರೋಹಿತರಿಲ್ಲದ ಸರಳ ಮದುವೆಯೂ ಚಳವಳಿಯ ಭಾಗವೇ ಆಗಿತ್ತು.

1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿದಾಗ ವಾದ ಸಾಲ, ಕಂದಾಯ ದಾಟಿ ಬೀಜಕ್ಕೆ ಬಂತು. ಬಿತ್ತನೆ ಯಾರದು? ಇದೇ ಪ್ರಶ್ನೆಯನ್ನು ಮಧ್ಯ ಅಮೆರಿಕದ ರೈತರೂ ಕೇಳುತ್ತಿದ್ದರು. 1992ರಲ್ಲಿ ನಿಕರಾಗುವದ ಮನಾಗುವದಲ್ಲಿ ಮೊಳೆತ ಯೋಚನೆ ಮರುವರ್ಷ ‘ಲಾ ವಿಯಾ ಕಂಪೆಸಿನಾ’ ಎಂಬ ಜಾಗತಿಕ ರೈತ ಒಕ್ಕೂಟವಾಯಿತು. ಮುಂದೆ ಹಲವು ವರ್ಷ ಅದರ ಕಚೇರಿ ಇದ್ದದ್ದು ಹೊಂಡುರಾಸ್‌ನಲ್ಲಿ. ರೈತಸಂಘವೂ ಅದರೊಳಗೆ ಸೇರಿತು.

ದುಡಿಯುವವರ ಹಕ್ಕು ಮಧ್ಯ ಅಮೆರಿಕದ ನೆಲಕ್ಕೆ ಹೊಸ ಮಾತಲ್ಲ. ಎಲ್ ಸಾಲ್ವಡಾರಿನ ಪ್ರಬಂಧಕಾರ ಆಲ್ಬರ್ಟೊ ಮಸ್ಫೆರೆರ್ (1868–1932) ಪ್ರತಿ ಜೀವಕ್ಕೂ ಕನಿಷ್ಠ ಇಷ್ಟಾದರೂ ಸಿಗಬೇಕೆಂದು 1929ರಲ್ಲೇ ಪಟ್ಟಿ ಮಾಡಿದ್ದರು. ದುಡಿಮೆ, ಅನ್ನ, ಸೂರು, ನೀರು, ಬಟ್ಟೆ, ಔಷಧಿ, ನ್ಯಾಯ, ಶಾಲೆ. ಕೊನೆಗೆ ವಿಶ್ರಾಂತಿ! ಕೂಲಿಯವರ ದಣಿವನ್ನೂ ಲೆಕ್ಕಕ್ಕೆ ಹಿಡಿದ ಆ ಕೊನೆಯ ಬೇಡಿಕೆ ನನಗೆ ಬಹಳ ಇಷ್ಟ. ಅವರು ತೀರಿಕೊಂಡ ವರ್ಷವೇ ಆ ಕಾಫಿ ನಾಡಿನಲ್ಲಿ ಸೈನ್ಯ ಸಾವಿರಾರು ರೈತರನ್ನು ಕೊಂದಿತು.

ನಮ್ಮ ಕಡೆ ನಂಜುಂಡಸ್ವಾಮಿಯವರ ಕನಸಿನ ಕೃಷಿ ಕಲಿಕಾ ಕೇಂದ್ರ ಅಮೃತಭೂಮಿ ಚಾಮರಾಜನಗರದ ಹೊಂಡರಬಾಳಿನಲ್ಲಿದೆ. ರೈತರಿಗೆ ರೈತರೇ ಮೇಷ್ಟ್ರು ಎನ್ನುವುದು ಅಲ್ಲಿಯ ಪದ್ಧತಿ. 1970ರ ದಶಕದಲ್ಲಿ ಗ್ವಾಟೆಮಾಲದ ಮಾಯಾ ರೈತರು ನಡೆದದ್ದೂ ಇದೇ ಹಾದಿಯಲ್ಲಿ. ಇನ್ನೂರು ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, ಎರಡೆರಡು ಕೆ.ಜಿ. ಬೆಲ್ಲ ಮತ್ತು ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು: ಅಲ್ಲಿ ಕಲಿಸುವ ಜೀವಾಮೃತವೆಂಬ ದ್ರವ ಗೊಬ್ಬರದ ಲೆಕ್ಕ ಇಷ್ಟೆ. ಕೋಲಿನಲ್ಲಿ ತಿರುವುತ್ತಾ ಹೇಳಿಕೊಟ್ಟರೆ ಅರ್ಧ ಗಂಟೆಯ ಪಾಠ.

ಆದರೆ ಕೊರತೆಯನ್ನೂ ಹೇಳಬೇಕು. ಭೂಮಿಯಿಲ್ಲದ ದಲಿತ ಕೂಲಿಯವರ ಮಾತು ಹಸಿರು ಶಾಲಿನ ಸಭೆಗಳಲ್ಲಿ ಸಣ್ಣದಾಗಿಯೇ ಕೇಳಿತು. ಪಕ್ಕದ ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವ ರೈತ, ದಲಿತ ಚಳವಳಿಗಳನ್ನು ಒಟ್ಟಿಗೆ ತರಲು ಹೆಣಗಿದರು. 2012ರ ‘ಎದೆಗೆ ಬಿದ್ದ ಅಕ್ಷರ’ದಲ್ಲಿ ಅವರ ಚಿಂತನೆ ಪುಸ್ತಕವಾಗಿ ಸಿಗುತ್ತದೆ. ಇತ್ತ ಗುಂಡ್ಲುಪೇಟೆಯಲ್ಲಿ ಓಣಂ ಹೊತ್ತಿಗೆ ಕೇರಳದವರು ಚೆಂಡುಹೂವಿನ ಹೊಲಗಳಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವುಗಳಲ್ಲಿ ಎಷ್ಟೋ ಹೊಲಗಳಿಗೆ ಬೀಜ ಕೊಡುವುದೂ ಹೂವಿಗೆ ಬೆಲೆ ಕಟ್ಟುವುದೂ ಬಣ್ಣ ತೆಗೆಯುವ ಕಂಪನಿಯೇ. ಬಿತ್ತನೆ ಯಾರದೆಂಬ ಪ್ರಶ್ನೆ ಇಲ್ಲಿ ಇನ್ನೂ ಹಾಗೇ ಇದೆ.

ಮಸ್ಫೆರೆರ್ ಪತ್ರಿಕೆ ನಡೆಸಿ ಬರೆದಿಟ್ಟರು. ನಮ್ಮ ಪ್ರೊಫೆಸರ್ ನಂಜುಂಡಸ್ವಾಮಿ ಹೆಚ್ಚಾಗಿ ಮಾತಾಡಿದರು, ಅದೂ ಮೈಕು ಕಟ್ಟಿದ ಊರ ಬಯಲಿನಲ್ಲಿ. ನಿಮ್ಮ ಮನೆಯ ಅಟ್ಟದಲ್ಲಿ ಆ ಕಾಲದ ಕರಪತ್ರವೋ, ಭಾಷಣದ ಕ್ಯಾಸೆಟ್ಟೋ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.