ಮೃಚ್ಛಕಟಿಕದಲ್ಲಿ ಮಾತು ಮತ್ತು ಶೀಲ

ಸಂಸ್ಕೃತ ರೂಪಕಗಳಲ್ಲಿ ಪಾತ್ರಭೇದದಿಂದ ಭಾಷಾಭೇದವುಂಟೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಮಾಗಧೀ, ಅವಂತಿಜಾ, ಪ್ರಾಚ್ಯಾ, ಶೌರಸೇನೀ, ಅರ್ಧಮಾಗಧೀ, ಬಾಹ್ಲೀಕಾ, ದಾಕ್ಷಿಣಾತ್ಯಾ ಎಂಬ ೭ ಭಾಷೆಗಳನ್ನೂ, ಶಕಾರ ಚಾಂಡಾಲಾದಿಗಳ ವಿಭಾಷೆಗಳನ್ನೂ ಎಣಿಸಿ, ಇಂಥವರು ಇಂಥದನ್ನು ಆಡತಕ್ಕದ್ದೆಂದು ವಿಧಿಸಿರುವನು. ಇದರಿಂದ ನಾಟಕದ ಪ್ರಾಕೃತವು ಜಾತಿ ಅಂತಸ್ತುಗಳ ಮುದ್ರೆಯೇ ಹೊರತು ಶೀಲದ ಸೂಚಕವಲ್ಲವೆಂದು ಕೆಲವರು ಭಾವಿಸುವುದುಂಟು. ಈ ಭಾವನೆಯು ಶೂದ್ರಕನ ಮೃಚ್ಛಕಟಿಕಕ್ಕೆ ಒಪ್ಪುವುದೇ ಎಂಬುದು ವಿಚಾರಾರ್ಹವಾಗಿದೆ.

ಈ ಪ್ರಕರಣದ ವ್ಯಾಖ್ಯಾನಕಾರನಾದ ಪೃಥ್ವೀಧರನು ರಾಜಶ್ಯಾಲನಿಗೆ ಶಕಾರೀ ಭಾಷೆಯನ್ನೂ, ಅವನ ಸೇವಕನಾದ ಸ್ಥಾವರಕನಿಗೆ ಮಾಗಧಿಯನ್ನೂ ಹೇಳಿರುವನು. ಶಕಾರಿಯು ಮಾಗಧಿಯ ಪ್ರಭೇದವೇ. ಎರಡರಲ್ಲಿಯೂ ಸಕಾರವು ಶಕಾರವಾಗುವುದು. ಹೀಗೆ ಒಡೆಯನೂ ಆಳೂ ಹೆಚ್ಚು ಕಡಮೆ ಒಂದೇ ಮಾತನ್ನಾಡುವರು. ಆದರೆ ಒಡೆಯನು ರಾಮನಿಗೆ ಹೆದರಿದ ದ್ರೌಪದಿ, ಹನುಮಂತನು ಹೊತ್ತೊಯ್ದ ಸುಭದ್ರೆ ಎಂದು ಪುರಾಣವನ್ನು ಕಲಸಿ ತನ್ನ ಅವಿವೇಕವನ್ನು ತಾನೇ ಸಾರುವನು. ಆಳಾದರೋ, ವಸಂತಸೇನೆಯನ್ನು ಕೊಲ್ಲೆಂಬ ಅಪ್ಪಣೆಯಾದಾಗ, ಒಡೆತನವು ತನ್ನ ಶರೀರದ ಮೇಲೆ ಮಾತ್ರ, ನಡತೆಯ ಮೇಲಲ್ಲವೆಂದು ಹೇಳಿ ಏಟನ್ನು ಸಹಿಸುವನು. ಒಂದೇ ಉಚ್ಚಾರಣೆಯು ಒಬ್ಬನಲ್ಲಿ ಹಾಸ್ಯಾಸ್ಪದವೂ ಮತ್ತೊಬ್ಬನಲ್ಲಿ ಗೌರವಾಸ್ಪದವೂ ಆಗಿರುವುದು. ಭಾಷೆಯನ್ನು ಶಾಸ್ತ್ರವು ಕೊಟ್ಟಿತು. ಅದರ ಬಳಕೆಯನ್ನು ಕವಿಯು ಕೊಟ್ಟನು.

ಇದಕ್ಕಿಂತಲೂ ಸೂಕ್ಷ್ಮವಾದ ಸನ್ನಿವೇಶವು ೬ನೆಯ ಅಂಕದಲ್ಲಿದೆ. ಸೆರೆಯಿಂದ ತಪ್ಪಿಸಿಕೊಂಡ ಆರ್ಯಕನು, ವಸಂತಸೇನೆಗಾಗಿ ಬಂದಿದ್ದ ಚಾರುದತ್ತನ ಬಂಡಿಯನ್ನೇರಿರುವನು. ರಕ್ಷಕರಾದ ವೀರಕ ಚಂದನಕರು ಬಂಡಿಯನ್ನು ತಡೆಯುವರು. ಚಂದನಕನು ಒಳಗೆ ನೋಡಿ, ಶರಣಾಗತನಾದ ಆರ್ಯಕನಿಗೆ ಅಭಯವಿತ್ತು ಕೆಳಗಿಳಿಯುವನು. ಆದರೆ ವೀರಕನೊಡನೆ ಹೇಳುವಾಗ ಮೊದಲು ಪುಲ್ಲಿಂಗದಲ್ಲಿ ಆರ್ಯನೆಂದು ನುಡಿದು, ಒಡನೆಯೇ ಆರ್ಯೆಯೆಂದು ತಿದ್ದಿಕೊಳ್ಳುವನು. ವೀರಕನಿಗೆ ಸಂದೇಹ ಹುಟ್ಟುವುದು. ಆಗ ಚಂದನಕನು, ತಾವು ದಾಕ್ಷಿಣಾತ್ಯರು, ಅವ್ಯಕ್ತಭಾಷಿಗಳು, ನಾನಾ ದೇಶದ ನುಡಿಗಳನ್ನು ಬಲ್ಲವರಾದುದರಿಂದ ಲಿಂಗಭೇದವನ್ನು ಲೆಕ್ಕಿಸುವುದಿಲ್ಲವೆಂದು ಸಮಾಧಾನ ಹೇಳುವನು. ಸತ್ಯವಂತನ ನಾಲಗೆಯು ಸುಳ್ಳಿಗೆ ತೊಡಗಿದಾಗ ತಡವರಿಸಿತು. ಆ ತಡವರಿಕೆಯನ್ನು ಮುಚ್ಚಲು ದೇಶಭಾಷೆಯೇ ನೆಪವಾಯಿತು. ಒಂದು ಪ್ರತ್ಯಯದ ಮೇಲೆ ಒಬ್ಬನ ಪ್ರಾಣವೂ ಉಜ್ಜಯಿನಿಯ ಸಿಂಹಾಸನವೂ ನಿಂತಿರುವುವು.

ಈ ನೆಪವೂ ಸಾಲದೆ ಹೋದಾಗ, ಚಂದನಕನು ಸ್ವಗತದಲ್ಲಿ ಕರ್ಣಾಟಕಲಹವನ್ನು ಪ್ರಯೋಗಿಸುವೆನೆಂದುಕೊಂಡು, ವೀರಕನ ಕುಲವನ್ನು ಹಂಗಿಸಿ ಜಗಳ ತೆಗೆಯುವನು. ಕನ್ನಡಿಗರ ಜಗಳಗಂಟಿತನದ ಪ್ರಸಿದ್ಧಿಯು ಹೀಗೆ ಪ್ರಾಚೀನ ಕೃತಿಯೊಂದರಲ್ಲಿ ದಾಖಲಾಗಿರುವುದು ಅಭಿಮಾನಕ್ಕೆ ಕಾರಣವಲ್ಲದಿದ್ದರೂ, ಆ ಜಗಳವು ಶರಣಾಗತರಕ್ಷಣೆಗೆ ಒದಗಿತೆಂಬುದನ್ನು ಮರೆಯಬಾರದು.

ಪೃಥ್ವೀಧರನು ವೀರಕ ಚಂದನಕರಿಬ್ಬರಿಗೂ ಆವಂತೀ ಭಾಷೆಯನ್ನೇ ಹೇಳಿರುವನು. ಆದರೆ ೧೯೦೦ರಲ್ಲಿ ಪ್ರಕಟವಾದ ತಮ್ಮ ಪ್ರಾಕೃತ ವ್ಯಾಕರಣದಲ್ಲಿ ಪಂಡಿತ ಪಿಶೆಲ್ಲರು, ಚಂದನಕನ ಸ್ವವಚನವನ್ನೇ ಆಧಾರವಾಗಿ ಹಿಡಿದು, ಅವನದು ದಾಕ್ಷಿಣಾತ್ಯಾ ಎಂದು ಪ್ರತಿಪಾದಿಸಿದರು. ಭರತನೂ ಯೋಧರಿಗೆ, ನಗರರಕ್ಷಕರಿಗೆ ದಾಕ್ಷಿಣಾತ್ಯೆಯನ್ನು ವಿಧಿಸಿರುವುದು ಈ ಪಕ್ಷಕ್ಕೆ ಅನುಕೂಲವಾಗಿದೆ. ಆದರೂ ಆ ವಚನವು ಸಂಕಟದಲ್ಲಿ ಹೂಡಿದ ನೆಪವೆಂಬುದನ್ನು ಗಣಿಸದೆ ಅದನ್ನು ನೇರವಾದ ಪ್ರಮಾಣವಾಗಿ ಎಣಿಸುವುದು ಯುಕ್ತವಲ್ಲ. ವೈಯಾಕರಣನಿಗೆ ಅದು ಭಾಷೆಯ ಸಾಕ್ಷ್ಯ. ಕವಿಗೆ ಅದು ಪಾತ್ರದ ಉಪಾಯ.

ಬಂಡಿಯಲ್ಲಿದ್ದವಳು ವಸಂತಸೇನೆಯೆಂಬ ಆ ಮಾತೇ ೯ನೆಯ ಅಂಕದಲ್ಲಿ ನ್ಯಾಯಾಧಿಕರಣವನ್ನು ಸೇರುವುದು. ಒದೆ ತಿಂದ ವೀರಕನು ದೂರು ಹೇಳಬಂದು, ಬಂಡಿಯವನ ಮಾತನ್ನು ಇದ್ದುದಿದ್ದಂತೆ ಒಪ್ಪಿಸುವನು. ಅದು ನಿರಪರಾಧಿಯಾದ ಚಾರುದತ್ತನಿಗೆ ಪ್ರತಿಕೂಲವಾದ ಸಾಕ್ಷ್ಯವಾಗುವುದು. ತೊದಲಿದ ಚಂದನಕನು ಒಬ್ಬನನ್ನುಳಿಸಿದನು. ತಪ್ಪಿಲ್ಲದೆ ನುಡಿದ ವೀರಕನು ಮತ್ತೊಬ್ಬನನ್ನು ವಧ್ಯಸ್ಥಾನದ ಕಡೆಗೆ ನೂಕಿದನು. ಆದುದರಿಂದ ಈ ಪ್ರಕರಣವನ್ನು ಪಾಠ ಹೇಳುವವರು ಪ್ರಾಕೃತಕ್ಕೆ ಸಂಸ್ಕೃತಚ್ಛಾಯೆಯನ್ನು ಹೇಳಿ ಮುಂದೆ ಸಾಗದೆ, ಯಾರು ಯಾವ ಮಾತನ್ನು ಎಲ್ಲಿ ತಪ್ಪಿದರೆಂಬುದನ್ನೂ ತೋರಿಸತಕ್ಕದ್ದು. ಛಾಯೆಯಲ್ಲಿ ಅರ್ಥವು ಉಳಿಯುವುದು; ಮನುಷ್ಯನ ದನಿಯು ಮೂಲದಲ್ಲಿಯೇ ಇರುವುದು.