ಹರಿಗೆಯಿಂದ ಶೀಲ್ಡ್‌ವರೆಗೆ: ಹಾಸನ ಸೀಮೆಯಲ್ಲಿ ಕಾವಲುಗಾರನ ರಕ್ಷಾಕವಚ

ಹಾಸನ ಜಿಲ್ಲೆಯ ಕೆರೆಯೇರಿಗಳ ಮೇಲೆ, ಗುಡಿಯಂಗಳಗಳಲ್ಲಿ, ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ಯುದ್ಧದ ಸ್ಮಾರಕಗಳೆಂದು ಓದುವುದು ರೂಢಿಯಾಗಿದ್ದರೂ, ಅವುಗಳಲ್ಲಿ ಹಲವು ಕಲ್ಲುಗಳು ಹೇಳುವುದು ಅರಸರ ದಂಡಯಾತ್ರೆಯ ಕಥೆಯನ್ನಲ್ಲ, ಊರ ಕಾವಲಿನ ಕಥೆಯನ್ನು. ತುರುಗೋಳ್ ಎಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗುವುದು, ಊರಳಿವು ಎಂದರೆ ದಾಳಿಗೆ ಸಿಕ್ಕಿ ಊರು ಹಾಳಾಗುವುದು, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನಕ್ಕೆ ಕುತ್ತು ಬಂದಾಗ ಏಳುವ ಹುಯಿಲು. ಈ ಮೂರರಲ್ಲಿ ಯಾವುದು ಒದಗಿದರೂ ಎದ್ದು ಹೋಗಿ ಅಡ್ಡ ನಿಂತವನೇ ಈ ಕಲ್ಲುಗಳ ನಾಯಕ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇವೆಲ್ಲವೂ ಪೊಲೀಸರ ಕೆಲಸಗಳು. ಆದ್ದರಿಂದ ಗಲಭೆಯ ಮುಂದೆ ನಿಲ್ಲುವವನ ಮೈಯನ್ನು ಕಾಯುವ ಸಾಧನಗಳ ಚರಿತ್ರೆಯನ್ನು ಈ ಸೀಮೆಯಲ್ಲಿ ಹುಡುಕುವವರು ಮೊದಲು ಹೋಗಬೇಕಾದದ್ದು ಈ ಕಲ್ಲುಗಳ ಬಳಿಗೇ.

ಮೂರು ಪಟ್ಟಿಕೆಗಳ ವೀರಗಲ್ಲಿನಲ್ಲಿ ಕೆಳಗಿನದು ಹೋರಾಟ, ನಡುವಿನದು ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲಿನದು ಲಿಂಗದ ಸನ್ನಿಧಿ. ಕೆಳಗಿನ ಪಟ್ಟಿಕೆಯನ್ನು ಹತ್ತಿರದಿಂದ ನೋಡಿದರೆ ವೀರನ ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ಮೊಣಕೈಯಿಂದ ಮುಂದಕ್ಕೆ ಚಾಚಿದ ಗುರಾಣಿ, ಸೊಂಟದಲ್ಲಿ ಬಿಗಿದ ಬಟ್ಟೆ ಕಾಣುತ್ತವೆ. ಎದೆ ಮಾತ್ರ ಹಲವು ಕಲ್ಲುಗಳಲ್ಲಿ ಬರಿದು. ಗುರಾಣಿ ಎಷ್ಟು ಅಗಲವೋ ಅಷ್ಟೇ ಅವನ ರಕ್ಷಣೆ, ಉಳಿದ ಮೈಯೆಲ್ಲ ಅಂಬಿಗೂ ಕಲ್ಲಿಗೂ ತೆರೆದದ್ದು. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು 450ರದೆಂದು ಎಣಿಸಲಾಗುವ ಶಾಸನವು ದಾಖಲಿಸುವುದೂ ಕಾಳಗದಲ್ಲಿ ಮೆರೆದವನಿಗೆ ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವ ವಿಧಿಯೊಡನೆ ಸಲ್ಲುವ ದತ್ತಿ, ದೊರೆತದ್ದನ್ನೇ. ಕನ್ನಡದ ಮೊದಮೊದಲ ಬರಹವೇ ಕಾದಿದವನ ಋಣವನ್ನು ತೀರಿಸುವ ಪತ್ರವಾಗಿರುವುದು ಗಮನಿಸಬೇಕಾದ ಸಂಗತಿ.

ಹಾಗೆಂದು ಕವಚದ ಕಲ್ಪನೆ ಕನ್ನಡಕ್ಕೆ ಹೊಸದಲ್ಲ. ಗುರಾಣಿಗೆ ಹರಿಗೆ ಮತ್ತು ಖೇಟಕ, ತಲೆಯ ಕಾಪಿಗೆ ಸೀಸಕ, ತೋಳಿನದಕ್ಕೆ ಬಾಹುರಕ್ಷೆ, ಮೈಯದಕ್ಕೆ ವಜ್ರಾಂಗಿ ಅಥವಾ ಜೋಡು ಎಂಬ ಮಾತುಗಳು ಕಾವ್ಯಗಳಲ್ಲಿ ತುಂಬಿವೆ. ಇಂದು ಜೋಡು ಎಂದರೆ ಕಾಲಿಗೆ ಹಾಕುವ ಮೆಟ್ಟು, ಇಲ್ಲವೇ ಜೊತೆ. ಒಂದು ಕಾಲಕ್ಕೆ ಅದೇ ಮಾತು ಎದೆಯ ಕವಚವನ್ನು ಹೇಳುತ್ತಿತ್ತು. ಆದರೆ ಈ ಸಾಮಗ್ರಿ ಸಿಗುತ್ತಿದ್ದುದು ಸಾಮಂತರಿಗೆ, ಕುದುರೆ ಏರಿದವರಿಗೆ, ಆನೆಯ ಮೇಲಿದ್ದವರಿಗೆ. ದನ ಬಿಡಿಸಲು ಓಡಿದ ಊರಿನವನಿಗೆ ಅದು ದೂರದ ಮಾತಾಗಿತ್ತು. ಹೊಯ್ಸಳರ ಕಾಲದ ಗರುಡರ ಪದ್ಧತಿ ಈ ಅಂತರವನ್ನು ತುತ್ತತುದಿಗೆ ಒಯ್ದಿತು. ಗರುಡರೆಂದರೆ ಒಡೆಯನ ಮೈಗಾವಲಿಗೆ ನಿಂತು, ಅವನು ಸತ್ತರೆ ತಾವೂ ಸಾಯುವ ಪ್ರತಿಜ್ಞೆ ಮಾಡಿದವರು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿನ ಕಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಂದಿಗೂ ನಿಂತಿದ್ದು, ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಶಿಲ್ಪಗಳನ್ನು ಹೊತ್ತಿದೆ. ಇಲ್ಲಿ ಅರಸನ ಕವಚ ಲೋಹವಲ್ಲ, ಮನುಷ್ಯ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇನ್ನೊಂದು ಕಲ್ಲಿದೆ. ಗಂಗರ ಕಾಲದ ಸಾವಿಯಬ್ಬೆ ಎಂಬ ಹೆಣ್ಣುಮಗಳು ಗಂಡನೊಡನೆ ಬಗೆಯೂರಿನ ಕಾಳಗದಲ್ಲಿ ಕಾದಿ ಮಡಿದುದನ್ನು ಅದು ಹೇಳುತ್ತದೆ. ಕುದುರೆಯೇರಿ ಕತ್ತಿ ಎತ್ತಿದ ಅವಳು ಆನೆಯ ಮೇಲಿನ ಹಗೆಯನ್ನು ಎದುರಿಸುತ್ತಿರುವಂತೆ ಕಲ್ಲುಕುಟಿಗ ಬಿಡಿಸಿದ್ದಾನೆ.

ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡುಗಳಲ್ಲಿ ಪಾಳೆಯಗಾರರು ಆಳಿದ ಕಾಲದಲ್ಲಿ ರಕ್ಷಣೆಯ ಭಾರ ಕೋಟೆಯ ಗೋಡೆಗೆ ವರ್ಗವಾಯಿತು. ಮೈಸೂರು ಸಂಸ್ಥಾನದ ಆಡಳಿತ ನೆಲೆಗೊಂಡ ಮೇಲೆ ಕಂದಾಚಾರ ಎಂಬ ಪಡೆ, ಅಂದರೆ ಸೈನ್ಯ, ಪಹರೆ, ಕಂದಾಯ ವಸೂಲಿ ಮೂರಕ್ಕೂ ಒದಗುತ್ತಿದ್ದ ನಾಡಪಡೆ, ಶಾಂತಿಪಾಲನೆಯ ಕೆಲಸವನ್ನು ನೋಡಿಕೊಂಡಿತು. ಹಳ್ಳಿಯಲ್ಲಿ ತಳವಾರನೂ ತೋಟಿಯೂ ಕಾವಲಿದ್ದರು. ಅವರ ಕೈಯಲ್ಲಿದ್ದದ್ದು ಕೋಲು, ಹೆಗಲ ಮೇಲಿದ್ದದ್ದು ಕಂಬಳಿ. ಆಧುನಿಕ ಪೊಲೀಸ್ ಇಲಾಖೆ ಬಂದಾಗಲೂ ಪೇದೆಯ ಪಾಲಿಗೆ ಹೆಚ್ಚಿನ ಬದಲಾವಣೆಯಾಗಲಿಲ್ಲ: ಸಮವಸ್ತ್ರ, ರುಮಾಲು, ಲಾಠಿ ಬಂದವು, ಹಿಂದೆ ಬಂದೂಕುಧಾರಿಗಳ ತುಕಡಿ ನಿಂತಿತು, ಲಾಠಿಗೂ ಬಂದೂಕಿಗೂ ನಡುವೆ ಮಾತ್ರ ಏನೂ ಇರಲಿಲ್ಲ.

ಈ ಬರಿದಾದ ನಡುಜಾಗಕ್ಕೆ ಮೈಸೂರು ಸಂಸ್ಥಾನ ದುಬಾರಿ ಬೆಲೆ ತೆತ್ತಿದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಸತ್ತವರ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ದೊಡ್ಡ ಅಂತರವಿತ್ತು, ವಿಚಾರಣೆಗೆ ವೇಪ ರಾಮೇಶಂ ಅವರ ಸಮಿತಿ ನೇಮಕವಾಯಿತು. 1942ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಉದ್ರಿಕ್ತ ಗುಂಪಿನ ಕೈಗೆ ಸಿಕ್ಕಿ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಸತ್ತರು, ಮುಂದಿನ ವರ್ಷ ಊರಿನ ಐವರು ಗಲ್ಲಿಗೇರಿದರು. ಎರಡೂ ಘಟನೆಗಳಿಗೆ ರಾಜಕೀಯ ಕಾರಣಗಳಿದ್ದವು, ಅವುಗಳನ್ನು ಬರೀ ಸಲಕರಣೆಯ ಕೊರತೆಗೆ ಇಳಿಸುವುದು ಅನ್ಯಾಯ. ಆದರೂ ಒಂದು ಮಾತನ್ನು ಒತ್ತಿ ಹೇಳಬೇಕು: ಕಲ್ಲು ತೂರಿ ಬರುವಾಗ ತಲೆಗೆ, ಎದೆಗೆ ಏನೂ ಇಲ್ಲದ ಮನುಷ್ಯನಿಗೆ ಉಳಿಯುವುದು ಎರಡೇ ದಾರಿ, ಓಡುವುದು ಇಲ್ಲವೇ ಬಂದೂಕು ಎತ್ತುವುದು. ಗುರಾಣಿ ಅವನಿಗೆ ನಿಂತುಕೊಂಡು ಯೋಚಿಸುವಷ್ಟು ಹೊತ್ತನ್ನು ಕೊಡುತ್ತದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1990ರಲ್ಲಿ ಹವಾನಾದಲ್ಲಿ ಒಪ್ಪಲಾದ ಬಲಪ್ರಯೋಗದ ಮೂಲತತ್ತ್ವಗಳು, ಪೊಲೀಸರಿಗೆ ಗುರಾಣಿ, ಹೆಲ್ಮೆಟ್, ಗುಂಡುನಿರೋಧಕ ಅಂಗಿಗಳನ್ನು ಒದಗಿಸಬೇಕೆಂದು ಹೇಳಿರುವುದು ಈ ಕಾರಣಕ್ಕೇ: ಆಯುಧ ಬಳಸುವ ಅಗತ್ಯ ಕಡಿಮೆಯಾಗಲಿ ಎಂದು.

ಈ ತಿಳಿವಳಿಕೆ ಶ್ರೀಮಂತ ದೇಶಗಳಿಗೂ ತಡವಾಗಿಯೇ ಬಂತು. 1976ರ ಆಗಸ್ಟ್‌ನಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಉತ್ಸವದಲ್ಲಿ ಗಲಭೆ ಎದ್ದಾಗ ಪೊಲೀಸರು ಕಸದ ಡಬ್ಬಿಗಳ ಮುಚ್ಚಳ ಹಿಡಿದು ಕಲ್ಲಿನಿಂದ ಪಾರಾಗಬೇಕಾಯಿತು. ಮರುವರ್ಷ ಲೂಯಿಶ್ಯಾಮ್‌ನಲ್ಲಿ ಬ್ರಿಟನ್ನಿನ ಮುಖ್ಯಭೂಮಿಯ ಪೊಲೀಸರು ಮೊದಲ ಬಾರಿಗೆ ಗಲಭೆ ಗುರಾಣಿಗಳನ್ನು ಹಿಡಿದರು. ಜಪಾನಿನ ಕಿದೋತಾಯ್ ಎಂಬ ಗಲಭೆ ನಿಗ್ರಹ ದಳ ವಿದ್ಯಾರ್ಥಿ ಚಳವಳಿಯ ಕಾಲದಲ್ಲಿ ಡ್ಯುರಾಲ್ಯುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಗುರಾಣಿಗಳನ್ನು ಬಳಸುತ್ತಿತ್ತು. ಅವು ಗಟ್ಟಿಯಾಗಿದ್ದರೂ ಅವುಗಳ ಹಿಂದಿದ್ದವನಿಗೆ ಎದುರಿನವರು ಕಾಣುತ್ತಿರಲಿಲ್ಲ. ಈ ತೊಡಕನ್ನು ನೀಗಿಸಿದ್ದು ಪಾಲಿಕಾರ್ಬೊನೇಟ್, ಅಂದರೆ ಗಾಜಿನಂತೆ ಪಾರದರ್ಶಕವಾಗಿದ್ದು ಕಲ್ಲೇಟಿಗೆ ಒಡೆಯದೆ ಬಾಗಿಕೊಳ್ಳುವ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಇದನ್ನು ಬೇರೆ ಬೇರೆಯಾಗಿಯೇ ಕಂಡುಹಿಡಿದರು. ವೀರಗಲ್ಲಿನ ಹರಿಗೆ ಹಗೆಯ ಎದುರು ಹಿಡಿದದ್ದು, ಅದರ ಹಿಂದೆ ಅವಿತರೂ ಸಾಕಿತ್ತು. ಪೊಲೀಸರ ಗುರಾಣಿಯ ಆಚೆ ನಿಂತಿರುವವರು ಅದೇ ಊರಿನ ಜನ; ಅವರ ಮುಖ ಇವನಿಗೂ, ಇವನ ಮುಖ ಅವರಿಗೂ ಕಾಣುವುದು ಕವಚದ ಗಟ್ಟಿತನದಷ್ಟೇ ಮುಖ್ಯ.

ಭಾರತದಲ್ಲಿ ಪಾರದರ್ಶಕ ಗುರಾಣಿ ಬರುವ ಮೊದಲೂ, ಬಂದ ಮೇಲೂ ಬಹುಕಾಲ ದುಡಿದದ್ದು ಬೆತ್ತದ ಗುರಾಣಿ. ಬುಟ್ಟಿ ಹೆಣೆಯುವ ಮೇದರ ಕಸುಬು ಬಲ್ಲವರಿಗೆ ಅದರ ಗುಟ್ಟು ಒಡನೆ ತಿಳಿಯುತ್ತದೆ: ಅಂಚಿಗೆ ದಪ್ಪ ಬೆತ್ತದ ಸುತ್ತು, ನಡುವೆ ಒತ್ತೊತ್ತಾಗಿ ನೇಯ್ದ ಸೀಳು, ಹಿಂಬದಿಯಲ್ಲಿ ಮುಂಗೈ ತೂರಿಸಲು ಒಂದು ಪಟ್ಟಿ, ಮುಷ್ಟಿಗೆ ಇನ್ನೊಂದು ಹಿಡಿ. ಕಲ್ಲು ಬಿದ್ದಾಗ ಹೆಣಿಗೆ ಒಳಕ್ಕೆ ತಗ್ಗಿ ಮತ್ತೆ ಮೇಲೇಳುವುದರಿಂದ ಏಟು ಎಳೆಯಿಂದ ಎಳೆಗೆ ಹಂಚಿಹೋಗುತ್ತದೆ, ಮುಂಗೈ ಮೂಳೆಗೆ ಅದರ ಒಂದು ಪಾಲು ಮಾತ್ರ ತಲಪುತ್ತದೆ. ಕೊರತೆಗಳೂ ಇವೆ: ಒಣಗಿದ ಬೆತ್ತ ಸಿಬಿರೇಳುತ್ತದೆ, ಬೆಂಕಿಗೆ ಹತ್ತಿಕೊಳ್ಳುತ್ತದೆ, ಹೆಣಿಗೆಯ ಸಂದಿಯಿಂದ ಆಚೆಗಿನದು ಅರೆಬರೆಯಾಗಿಯಷ್ಟೇ ಕಾಣುತ್ತದೆ. ಪಾಲಿಕಾರ್ಬೊನೇಟ್ ಬಿಸಿಲಿಗೆ ಹಳದಿಯಾಗಿ, ಗೀರುಬಿದ್ದು ಮಬ್ಬಾಗುವುದಾದರೂ ಈ ಮೂರು ಕೊರತೆಗಳಲ್ಲಿ ಅದು ವಾಸಿ. 1992ರಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯೊಳಗೆ ಗಲಭೆ ನಿಗ್ರಹಕ್ಕೆಂದೇ ಕ್ಷಿಪ್ರ ಕಾರ್ಯಪಡೆ ಕೆಲಸ ಆರಂಭಿಸಿದ ಬಳಿಕ, ಎದೆ, ಭುಜ, ಮೊಣಕೈ, ತೊಡೆ, ಮೊಣಕಾಲುಗಳನ್ನೆಲ್ಲ ಮುಚ್ಚುವ ಬಾಡಿ ಪ್ರೊಟೆಕ್ಟರ್ ಜನರ ಕಣ್ಣಿಗೆ ಪರಿಚಿತವಾಯಿತು. ಗಟ್ಟಿ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಮೆತ್ತನೆಯ ಫೋಮ್ ಹಾಕಿ ಪಟ್ಟಿಗಳಿಂದ ಬಿಗಿಯುವ ಈ ಸಾಧನ ಕಲ್ಲು, ದೊಣ್ಣೆ, ಸೋಡಾ ಬಾಟಲಿಗಳಿಗೆ ಉತ್ತರವೇ ಹೊರತು ಗುಂಡಿಗಲ್ಲ. ಗುಂಡು ತಡೆಯಲು 1965ರಲ್ಲಿ ಸ್ಟೆಫನಿ ಕ್ವೋಲೆಕ್ ರೂಪಿಸಿದ ಕೆವ್ಲಾರ್‌ನಂಥ ನಾರಿನ ನೇಯ್ಗೆಯೇ ಬೇಕು.

ಹಾಸನದಲ್ಲಿ ಇಂದು ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ 11ನೇ ಬೆಟಾಲಿಯನ್ ಇದೆ, ಜಿಲ್ಲಾ ಸಶಸ್ತ್ರ ಮೀಸಲು ಪಡೆ ಇದೆ. ಮೆರವಣಿಗೆ, ಬಂದ್, ಚುನಾವಣೆ ಎಂದರೆ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ವ್ಯಾನಿನಲ್ಲಿ ಬರುವ ತುಕಡಿಗಳು ಇಂಥವೇ. ಠಾಣೆಯ ಕಾನ್‌ಸ್ಟೆಬಲ್ ಮಾತ್ರ ದಶಕಗಳ ಕಾಲ ತಲೆಗೆ ಇಟ್ಟುಕೊಂಡದ್ದು ಒಂದು ಮಗ್ಗುಲು ಮಡಿಸಿದ ಸ್ಲೋಚ್ ಹ್ಯಾಟು. 2025ರಲ್ಲಿ ಅದರ ಜಾಗಕ್ಕೆ ಕಡುನೀಲಿ ಪೀಕ್ ಕ್ಯಾಪ್ ಬಂತು. ಎರಡೂ ಗುರುತಿಗೆ, ನೆರಳಿಗೆ ಸಲ್ಲುವವೇ ಹೊರತು ಕಲ್ಲಿಗಲ್ಲ. ಗಲಭೆಯ ಮೊದಲ ಹತ್ತು ನಿಮಿಷ ಎದುರಿಸುವವನು ತುಕಡಿಯವನಲ್ಲ, ಈ ಠಾಣೆಯವನು ಎಂಬುದನ್ನು ನೆನೆದರೆ ಕವಚ ಹಂಚಿಕೆಯ ಹಳೆಯ ಕ್ರಮ, ಸಾಮಂತನಿಗೆ ಜೋಡು ಮತ್ತು ಊರಿನವನಿಗೆ ಬರಿಯೆದೆ ಎಂಬುದು, ಇನ್ನೂ ಪೂರ್ತಿ ಅಳಿದಿಲ್ಲವೆನ್ನಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ: ಬಾಡಿ ಪ್ರೊಟೆಕ್ಟರ್‌ಗಳನ್ನು ಗಂಡಸರ ಭುಜ, ಎದೆಯ ಅಳತೆಗೇ ಮಾಡಿಕೊಂಡು ಬಂದಿದ್ದು, ಮಹಿಳಾ ಸಿಬ್ಬಂದಿಯ ಮೈಯಳತೆಗೆ ಹೊಂದುವ ಕವಚದ ಕೆಲಸ ದೇಶದ ರಕ್ಷಣಾ ಪ್ರಯೋಗಾಲಯಗಳಲ್ಲಿ ನಡೆದದ್ದು ತೀರ ಈಚೆಗೆ. ಸಾವಿಯಬ್ಬೆಯ ಕಲ್ಲು ಸಾವಿರ ವರ್ಷ ಹಳೆಯದು.

ಹಾಸನದ ಅತಿ ದೊಡ್ಡ ಜನಸಂದಣಿ ಸೇರುವುದು ಆಶ್ವಯುಜ ಮಾಸದಲ್ಲಿ, ವರ್ಷಕ್ಕೊಮ್ಮೆ ತೆರೆಯುವ ಹಾಸನಾಂಬೆಯ ಬಾಗಿಲ ಮುಂದೆ. ಅಲ್ಲಿಗೆ ಬೇರೆ ಜಿಲ್ಲೆಗಳಿಂದಲೂ ಬಂದೋಬಸ್ತಿಗೆ ಸಿಬ್ಬಂದಿ ಬರುತ್ತಾರೆ. ಗರ್ಭಗುಡಿಯ ಎದುರು ನೆಟ್ಟ ಬಾಳೆಕಂದನ್ನು ಕತ್ತಿಯ ಏಟಿನಿಂದ ಕಡಿದ ಮೇಲೆ ಬಾಗಿಲು ತೆರೆಯುತ್ತದೆ, ಸರದಿಯ ಸಾಲು ಒಮ್ಮೆಲೇ ಮುಂದಕ್ಕೆ ಒತ್ತುತ್ತದೆ, ಬ್ಯಾರಿಕೇಡಿನ ಬದಿಯಲ್ಲಿ ನಿಂತ ಪೊಲೀಸರು ತಮ್ಮ ಮೈಯನ್ನೇ ಆ ಒತ್ತಡಕ್ಕೆ ಅಡ್ಡ ಕೊಡುತ್ತಾರೆ.